ದುಃಖಕಾಲದಲ್ಲಿ ಕ್ರೈಸ್ತ ನಿರೀಕ್ಷೆ

ನಮ್ಮ ಶಾಲೆಯ ವರ್ಷದ ಕೆಲಸ, ಪರೀಕ್ಷೆಯ ಫಲಿತಾಂಶ, ಆಟಪಾಟಗಳ ಬಹುಮಾನ ಇವೆಲ್ಲವೂ ಈ ಸಂಚಿಕೆಯ ವರದಿಯಲ್ಲಿ ತಕ್ಕ ಸ್ಥಳದಲ್ಲಿ ಬಂದಿರುವುದರಿಂದ ಅವುಗಳನ್ನು ಕುರಿತು ನಾವು ಇಲ್ಲಿ ಬರೆಯುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ಸೀಮೆಗಳಿಂದ ನಮ್ಮಲ್ಲಿಗೆ ಓದಲು ಬಂದು, ಈಗ ಗೃಹಿಣಿಯರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರು ನಮಗೆ ಬರೆಯುವ ಕಾಗದಗಳಲ್ಲಿ ಒಂದು ಪ್ರಶ್ನೆಯು ಮತ್ತೆ ಮತ್ತೆ ಬರುತ್ತಿದೆ. ಒಬ್ಬಳ ಗಂಡನು ಬಹುಕಾಲದ ರೋಗಿ; ಒಬ್ಬಳ ಮಗು ತೀರಿಹೋಗಿದೆ; ಒಬ್ಬಳಿಗೆ ಮಕ್ಕಳಾಗಲಿಲ್ಲವೆಂದು ನೆಂಟರಿಷ್ಟರ ಮಾತು; ಒಬ್ಬಳ ತಮ್ಮನು ಮನೆಬಿಟ್ಟು ಹೋದವನು ಹಿಂದಿರುಗಲಿಲ್ಲ. ಸಂಗತಿಗಳು ಬೇರೆ ಬೇರೆಯಾದರೂ ಪ್ರಶ್ನೆಯು ಒಂದೇ: ಶಾಲೆಯಲ್ಲಿ ನಮಗೆ ನಿರೀಕ್ಷೆಯನ್ನು ಕಲಿಸಿದಿರಲ್ಲಾ, ಅದು ಈಗ ಯಾವ ಉಪಯೋಗಕ್ಕೆ ಬರುತ್ತದೆ? ಇನ್ನೆಷ್ಟು ದಿನ ಕಾಯಬೇಕು?

ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬರೆದಿರುವೆವು. ಆದರೂ ಎಲ್ಲರಿಗೂ ಸಲ್ಲುವ ಹಾಗೆ ಈ ವಿಷಯವನ್ನು ಒಮ್ಮೆ ಕ್ರಮವಾಗಿ ವಿವರಿಸುವುದು ಒಳ್ಳೆಯದೆಂದು ತೋರಿತು. ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿದ ತಾಯ್ತಂದೆಗಳಲ್ಲಿ ಅನೇಕರು ಬೇರೆ ಮತದವರೆಂಬುದನ್ನು ನಾವು ಬಲ್ಲೆವು. ಈ ಲೇಖನವು ಕ್ರೈಸ್ತರ ನಂಬಿಕೆಯನ್ನು ಕುರಿತದ್ದಾದರೂ ದುಃಖವೂ ಕಾಯುವುದೂ ಯಾವ ಮನೆಯನ್ನೂ ಬಿಟ್ಟಿಲ್ಲವಾದುದರಿಂದ ಅವರೂ ಇದನ್ನು ಓದಬಹುದೆಂದು ನಂಬಿದ್ದೇವೆ.

ಮೊದಲು ಮಾತಿನ ಅರ್ಥವನ್ನು ನೋಡೋಣ. ಕನ್ನಡದ ಸತ್ಯವೇದದಲ್ಲಿ ನಂಬಿಕೆ, ಪ್ರೀತಿ ಇವುಗಳ ಜೊತೆಯಲ್ಲಿ ಎಣಿಸಲ್ಪಟ್ಟಿರುವ ಮೂರನೆಯ ಗುಣಕ್ಕೆ ನಿರೀಕ್ಷೆ ಎಂದು ಹೆಸರು. ಆಶೆ ಎಂಬ ಮಾತೂ ನಮ್ಮಲ್ಲಿ ಉಂಟು. ಆದರೆ ಆಶೆಯು ಯಾವುದರ ಮೇಲಾದರೂ ಹುಟ್ಟಬಹುದು. ಸೀರೆಯ ಮೇಲೆ, ಹಣದ ಮೇಲೆ, ಹುದ್ದೆಯ ಮೇಲೆ. ನಿರೀಕ್ಷೆಯೆಂದರೆ ದೃಷ್ಟಿಯಿಟ್ಟು ನೋಡುವುದು. ಬರುವೆನೆಂದು ಮಾತು ಕೊಟ್ಟವನ ದಾರಿಯನ್ನು ನೋಡುವುದು. ಆಶೆಗೆ ಬೇಕಾದದ್ದು ವಸ್ತು. ನಿರೀಕ್ಷೆಗೆ ಬೇಕಾದದ್ದು ಮಾತು ಕೊಟ್ಟ ಒಬ್ಬನು. ಹಳೆಯ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ ನಿರೀಕ್ಷೆಗೆ ಹೇಳುವ ತಿಕ್ವಾ ಎಂಬ ಶಬ್ದಕ್ಕೆ ಹುರಿ ಎಂಬ ಅರ್ಥವೂ ಇದೆ. ಯೆರಿಕೋ ಪಟ್ಟಣದ ರಾಹಾಬಳು ತನ್ನ ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೆ ಅಲ್ಲಿ ಉಪಯೋಗಿಸಿರುವುದು ಇದೇ ಶಬ್ದ. ಅವಳು ಆ ದಾರವನ್ನು ಕಟ್ಟಿದಾಗ ಅವಳ ಬಿಡುಗಡೆಯು ಇನ್ನೂ ಬಂದಿರಲಿಲ್ಲ. ಮಾತು ಮಾತ್ರ ಬಂದಿತ್ತು.

ಕಾಯುವುದು ಎಂಬ ನಮ್ಮ ಅಚ್ಚಗನ್ನಡದ ಮಾತೂ ವಿಚಾರಕ್ಕೆ ತಕ್ಕದ್ದು. ಬಸ್ಸಿಗಾಗಿ ಕಾಯುತ್ತೇವೆ, ಮಗನ ಕಾಗದಕ್ಕಾಗಿ ಕಾಯುತ್ತೇವೆ. ಹುಡುಗನು ದನ ಕಾಯುತ್ತಾನೆ. ರೈತನು ರಾತ್ರಿಯಲ್ಲಿ ಹೊಲ ಕಾಯುತ್ತಾನೆ. ದೇವರು ನಮ್ಮನ್ನು ಕಾಯುತ್ತಾನೆ. ಎದುರುನೋಡುವುದಕ್ಕೂ ಕಾಪಾಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಕ್ರೈಸ್ತ ನಿರೀಕ್ಷೆಯೆಂದರೆ ಕೈಕಟ್ಟಿ ಕುಳಿತು ದಿನ ಎಣಿಸುವುದಲ್ಲ. ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟದ್ದನ್ನು, ಒಪ್ಪಿಸಿದವನು ಬರುವ ತನಕ ಕಾಯುವುದು.

ಇದು ಬರಿಯ ಉಪದೇಶದ ಮಾತಲ್ಲವೆಂಬುದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ನಾವು ದೂರದೇಶಗಳಿಗೆ ಹೋಗಬೇಕಾಗಿಲ್ಲ. ಕಾವೇರಿಯು ಎರಡಾಗಿ ಸೀಳಿ ಸುತ್ತುವ ನಮ್ಮ ಶ್ರೀರಂಗಪಟ್ಟಣದಲ್ಲಿಯೇ ಕ್ರೈಸ್ತಜನರು 15 ವರ್ಷಗಳ ಕಾಲ ಕಾದರು. ಅವರ ವೃತ್ತಾಂತವನ್ನು ನಮ್ಮ ಮಕ್ಕಳಲ್ಲಿ ಅನೇಕರು ಅರಿಯರು. ಕೋಟೆಯನ್ನು ನೋಡಲು ಬರುವವರು ನದಿಯ ಕಡೆಯ ಕರ್ನಲ್ ಬೇಯ್ಲಿಯ ನೆಲಮಾಳಿಗೆಯನ್ನೂ, ಟಿಪ್ಪು ಸುಲ್ತಾನನು ಮಡಿದ ಸ್ಥಳವನ್ನೂ, ಗುಂಬಜನ್ನೂ ನೋಡಿಕೊಂಡು ಹೊರಟುಹೋಗುತ್ತಾರೆ. ಕೆನರಾ ಸೀಮೆಯ ಕ್ರೈಸ್ತರ ನೆನಪಿಗಾಗಿ ಅವರು ನಿಲ್ಲುವುದು ಅಪೂರ್ವ.

ಆ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆವು. ಮೈಸೂರಿಗೂ ಇಂಗ್ಲಿಷರಿಗೂ ನಡೆದ ಎರಡನೆಯ ಯುದ್ಧದಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರು ಶತ್ರುಗಳಿಗೆ ಸಹಾಯಮಾಡಿದರೆಂಬ ಸಂಶಯವು ಟಿಪ್ಪುವಿಗೆ ಉಂಟಾಯಿತು. 1784ರ ಫೆಬ್ರವರಿ ತಿಂಗಳಿನ ಕೊನೆಯಲ್ಲಿ ಅವರನ್ನು ಹಿಡಿಯುವಂತೆ ಅಪ್ಪಣೆಯಾಯಿತು. ಆ ದಿನವನ್ನು ಮಂಗಳೂರಿನವರು ಬೂದಿ ಬುಧವಾರದೊಂದಿಗೆ ಸೇರಿಸಿ ಇಂದಿಗೂ ನೆನೆಯುತ್ತಾರೆ. ಅವರು ರೋಮನ್ ಕಥೋಲಿಕ ಸಭೆಗೆ ಸೇರಿದ ಕೊಂಕಣಿ ಮಾತಿನ ಜನರು. ಅವರ ಪಾದ್ರಿಗಳನ್ನು ಸೀಮೆಯಿಂದ ಹೊರಗೆ ಕಳುಹಿಸಿದರು, ದೇವಾಲಯಗಳನ್ನು ಕೆಡವಿದರು. 1680ರಲ್ಲಿ ಸ್ಥಾಪಿತವಾಗಿದ್ದ ಮಂಗಳೂರಿನ ಮಿಲಾಗ್ರಿಸ್ ದೇವಾಲಯವೂ ಆಗ ನೆಲಸಮವಾಯಿತು. ಮುದುಕರು, ಬಸುರಿಯರು, ಹಸುಗೂಸುಗಳನ್ನು ಎತ್ತಿಕೊಂಡ ತಾಯಂದಿರು ಎಲ್ಲರೂ ಘಟ್ಟವನ್ನು ಹತ್ತಿ, 200 ಮೈಲಿಗೂ ಹೆಚ್ಚಿನ ದಾರಿಯನ್ನು ನಡೆದು ಶ್ರೀರಂಗಪಟ್ಟಣಕ್ಕೆ ಬಂದರು. ಅವರ ಸಂಖ್ಯೆಯ ವಿಷಯದಲ್ಲಿ ಬರಹಗಾರರು ಒಮ್ಮತದಿಂದಿಲ್ಲ. 30,000 ಎಂದು ಬರೆದವರೂ ಉಂಟು, 60,000ಕ್ಕೂ ಮೇಲೆ ಎಂದು ಬರೆದವರೂ ಉಂಟು. ದಾರಿಯಲ್ಲಿಯೇ ಬಹು ಜನರು ಸತ್ತರೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಇದನ್ನು ಯಾರ ಮೇಲಾದರೂ ದ್ವೇಷವನ್ನು ಹುಟ್ಟಿಸುವುದಕ್ಕಾಗಿ ನಾವು ಬರೆಯುತ್ತಿಲ್ಲ. ಆ ಕಾಲದ ಯುದ್ಧಗಳಲ್ಲಿ ಅಳದ ಮನೆಯೇ ಇರಲಿಲ್ಲ. ಅದೇ ವರ್ಷಗಳಲ್ಲಿ ಕೊಡಗಿನ ಜನರೂ ಸೆರೆಯಾಗಿ ಇಲ್ಲಿಗೆ ಬಂದರು. ಸುಖದುಃಖಗಳೆರಡನ್ನೂ ಕಂಡ ಊರು ನಮ್ಮದು. ಅದರ ಕಥೆಯನ್ನು ಪೂರ್ತಿಯಾಗಿ ತಿಳಿಯುವುದು ಅದರ ಮಕ್ಕಳ ಧರ್ಮವೇ ಸರಿ.

ಈಗ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಸೋತು ಸೆರೆಯಾದ ಇಂಗ್ಲಿಷ್ ಸೇನೆಯವರು ಆ ವೇಳೆಗೆ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಗಳಿಗೂ ಮೀರಿ ಸಂಕೋಲೆಯಲ್ಲಿದ್ದರು. ಅವರ ನಾಯಕನಾದ ಕರ್ನಲ್ ಬೇಯ್ಲಿಯು 1782ರಲ್ಲಿ ಸೆರೆಯಲ್ಲಿಯೇ ತೀರಿಹೋದನು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಯಿತು, ಬದುಕುಳಿದವರಿಗೆ ಬಿಡುಗಡೆಯಾಯಿತು. ಅಂದರೆ ಒಂದು ಗುಂಪಿನವರ ಸಂಕೋಲೆಗಳು ಬಿಚ್ಚಲ್ಪಟ್ಟ ಅದೇ ದಿನಗಳಲ್ಲಿ ಮತ್ತೊಂದು ಗುಂಪಿನವರು ಸೆರೆಯ ಕಡೆಗೆ ನಡೆಯುತ್ತಿದ್ದರು. ಇಬ್ಬರೂ ಒಬ್ಬ ಕರ್ತನನ್ನೇ ಬೇಡಿದವರು. ಒಬ್ಬರಿಗೆ ಬಾಗಿಲು ತೆರೆಯಿತು, ಇನ್ನೊಬ್ಬರಿಗೆ ಮುಚ್ಚಿತು.

ನಮ್ಮ ದುಃಖವನ್ನು ಕಹಿಮಾಡುವುದು ಬಹಳ ಸಲ ಇದೇ ಅಲ್ಲವೇ? ಪಕ್ಕದ ಮನೆಯ ರೋಗಿಯು ಎದ್ದು ಓಡಾಡುತ್ತಾನೆ, ನಮ್ಮವನು ಏಳಲಿಲ್ಲ. ಗೆಳತಿಯ ತೊಟ್ಟಿಲು ತುಂಬಿತು, ನಮ್ಮದು ತುಂಬಲಿಲ್ಲ. ಅವಳ ಪ್ರಾರ್ಥನೆಯಲ್ಲಿದ್ದದ್ದು ನಮ್ಮ ಪ್ರಾರ್ಥನೆಯಲ್ಲಿ ಏನು ಕಡಿಮೆಯಾಗಿತ್ತು? ಈ ಲೆಕ್ಕವನ್ನು ಹಾಕುತ್ತಾ ಕುಳಿತವರು ಯಾರೂ ಸಮಾಧಾನ ಹೊಂದಲಿಲ್ಲ. ಒಬ್ಬರ ಬಿಡುಗಡೆಯ ದಿನವು ಇನ್ನೊಬ್ಬರಿಗೆ ಅಳತೆಗೋಲಾಗದು. ಬಾಗಿಲು ಮುಚ್ಚಿದ್ದು ದೇವರು ಕೈಬಿಟ್ಟನೆಂಬುದಕ್ಕೆ ಗುರುತಲ್ಲ. ತೆರೆದದ್ದು ತೆರೆಯಿಸಿಕೊಂಡವರ ಪುಣ್ಯಕ್ಕೆ ಸಂಬಳವೂ ಅಲ್ಲ.

ಸೆರೆಯವರ ತಾಳ್ಮೆಗೆ ಇನ್ನೂ ಕಠಿಣವಾದ ಪರೀಕ್ಷೆಗಳು ಮುಂದೆ ಬಂದವು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯವರೆಗೆ ಬಂದು ಗೆದ್ದಿತು. ಆದರೆ ಅನ್ನವಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿತು. 1792ರ ಫೆಬ್ರವರಿಯಲ್ಲಿ ಅದೇ ಸೈನ್ಯವು ಮತ್ತೆ ಬಂದು ನಡುಗಡ್ಡೆಯ ಮೇಲೆಯೇ ಕಾಲಿಟ್ಟಿತು. ಫಿರಂಗಿಯ ಶಬ್ದವು ಊರಿಗೆಲ್ಲಾ ಕೇಳಿಸುತ್ತಿತ್ತು. ಇನ್ನೇನು ಬಿಡುಗಡೆಯಾಯಿತೆಂದು ಎಷ್ಟು ತಾಯಂದಿರು ಗಂಟು ಕಟ್ಟಿಕೊಂಡಿದ್ದಾರು! ಆದರೆ ಮಾರ್ಚ್ ತಿಂಗಳಲ್ಲಿ ಒಪ್ಪಂದವಾಯಿತು. ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು; ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದನು; ಸೈನ್ಯವು ಹೊರಟುಹೋಯಿತು. ಕೆನರಾ ಕ್ರೈಸ್ತರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಸೇರಿದರು. ಅವರಿಗೆ ಕೊಡಗಿನ ಅರಸನಾದ ದೊಡ್ಡವೀರರಾಜೇಂದ್ರನು ಆಶ್ರಯವನ್ನೂ ನೆಲವನ್ನೂ ಕೊಟ್ಟನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯವು ಹೀಗೆ 1792ರಲ್ಲಿ ಹುಟ್ಟಿತು. ಅನ್ಯಮತದ ಅರಸನ ಕೈಯಿಂದಲೂ ದೇವರು ತನ್ನವರಿಗೆ ನೆರಳನ್ನು ಕೊಡುತ್ತಾನೆಂಬುದನ್ನು ನಾವು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಆದರೆ ಉಳಿದವರಿಗೆ ಇನ್ನೂ 7 ವರ್ಷಗಳು ಬಾಕಿ ಇದ್ದವು.

ಬಂದೇ ಬಿಟ್ಟಿತೆಂದುಕೊಂಡದ್ದು ಬಾರದೆ ಹೋದಾಗ ಆಗುವ ದುಃಖವು ಮೊದಲಿನ ದುಃಖಕ್ಕಿಂತ ದೊಡ್ಡದು. ಆದುದರಿಂದಲೇ ದಿನವನ್ನು ಗೊತ್ತುಮಾಡಿ ಹೇಳುವವರ ವಿಷಯದಲ್ಲಿ ಸತ್ಯವೇದವು ನಮ್ಮನ್ನು ಎಚ್ಚರಿಸುತ್ತದೆ. ಯೆಹೂದ್ಯರು ಬಾಬೆಲಿಗೆ ಸೆರೆಹೋದ ಕಾಲದಲ್ಲಿ ಹನನ್ಯನೆಂಬವನು ಎದ್ದು, ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಸಾರಿದನು. ಆ ಮಾತು ಎಲ್ಲರಿಗೂ ಇಂಪಾಗಿತ್ತು. ಆದರೆ ದೇವರು ಅವನನ್ನು ಕಳುಹಿಸಿರಲಿಲ್ಲ. ಪ್ರವಾದಿಯಾದ ಯೆರೆಮೀಯನಾದರೋ ಸೆರೆಯವರಿಗೆ ಕಾಗದವನ್ನು ಬರೆದು, ಕಾಲವು ದೀರ್ಘವಾಗಿರುವುದೆಂದೂ, ಇದ್ದಲ್ಲಿಯೇ ಮನೆ ಕಟ್ಟಿ ತೋಟಗಳನ್ನು ಮಾಡಿ ಮಕ್ಕಳಿಗೆ ಮದುವೆ ಮಾಡಬೇಕೆಂದೂ, ಸೆರೆಯ ಊರಿನ ಕ್ಷೇಮಕ್ಕಾಗಿಯೂ ಪ್ರಾರ್ಥಿಸಬೇಕೆಂದೂ ತಿಳಿಸಿದನು. ಮೊದಲ ನೋಟಕ್ಕೆ ಹನನ್ಯನೇ ನಿರೀಕ್ಷೆಯುಳ್ಳವನು, ಯೆರೆಮೀಯನು ನಿರಾಶನು ಎಂದು ತೋರಬಹುದು. ನಿಜವು ಇದಕ್ಕೆ ವಿರುದ್ಧವಾಗಿದೆ. ಎರಡು ವರ್ಷಗಳ ಮಾತನ್ನು ನಂಬಿದವನು ಮೂರನೆಯ ವರ್ಷದಲ್ಲಿ ಕುಸಿಯುತ್ತಾನೆ. ಗಿಡ ನೆಟ್ಟವನು ಮೂರನೆಯ ವರ್ಷದಲ್ಲಿ ಅದಕ್ಕೆ ನೀರು ಹಾಕುತ್ತಿರುತ್ತಾನೆ.

ಈ ಪಾಠವನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿಗೆ ಏರಿತೇ ಎಂದು ಶ್ರೀರಂಗಪಟ್ಟಣ ಪಾಂಡವಪುರಗಳ ನಾಲೆಬಯಲಿನವರು ಪ್ರತಿ ಮುಂಗಾರಿನಲ್ಲಿಯೂ ಕಾಯುತ್ತಾರೆ; ಮಳೆಯನ್ನೇ ನಂಬಿದ ನಾಗಮಂಗಲದ ಬೆದ್ದಲಿನವರು ಆಕಾಶವನ್ನು ನೋಡುತ್ತಾರೆ. ಆದರೆ ನೋಡುತ್ತಾ ಸುಮ್ಮನೆ ಕುಳಿತಿರುವರೇ? ಬದುವನ್ನು ಕಟ್ಟುತ್ತಾರೆ, ಗೊಬ್ಬರವನ್ನು ಹೊಡೆಯುತ್ತಾರೆ, ಬೀಜವನ್ನು ಹುಳು ಹಿಡಿಯದಂತೆ ಕಾಪಾಡುತ್ತಾರೆ. ಅಪೊಸ್ತಲನಾದ ಯಾಕೋಬನು ತಾಳ್ಮೆಗೆ ರೈತನನ್ನೇ ದೃಷ್ಟಾಂತವಾಗಿ ಕೊಟ್ಟದ್ದು ಸುಮ್ಮನೆ ಅಲ್ಲ. ಮಳೆಯು ರೈತನ ಕೈಯಲ್ಲಿಲ್ಲ; ಬೀಜವು ಅವನ ಕೈಯಲ್ಲಿದೆ.

ಹಾಗಾದರೆ ಶ್ರೀರಂಗಪಟ್ಟಣದ ಸೆರೆಯವರು ಕಾಪಾಡಿದ ಬೀಜವು ಯಾವುದು? ಅವರಿಗೆ ಪಾದ್ರಿಗಳಿರಲಿಲ್ಲ, ದೇವಾಲಯವಿರಲಿಲ್ಲ. ಗಂಡಸರಲ್ಲಿ ಅನೇಕರನ್ನು ಬಲಾತ್ಕಾರದಿಂದ ಮತಾಂತರ ಮಾಡಿ ಸೈನ್ಯಕ್ಕೆ ಸೇರಿಸಿದರು. ಹೀಗಿದ್ದರೂ 15 ವರ್ಷಗಳ ನಂತರ ಹೊರಗೆ ಬಂದ ಸಾವಿರಾರು ಜನರು ತಮ್ಮ ಪ್ರಾರ್ಥನೆಗಳನ್ನು ಮರೆತಿರಲಿಲ್ಲ. ಸೆರೆಯಲ್ಲಿ ಹುಟ್ಟಿ, ದೇವಾಲಯವನ್ನೇ ಕಾಣದೆ ಬೆಳೆದ ಮಕ್ಕಳಿಗೆ ಆ ಪ್ರಾರ್ಥನೆಗಳನ್ನು ಕಲಿಸಿದವರು ಯಾರು? ಮನೆಯ ತಾಯಂದಿರೂ ಅಜ್ಜಿಯರೂ ಅಲ್ಲದೆ ಮತ್ತಾರು ಇದ್ದಾರು? ಗೋವೆಯಲ್ಲಿದ್ದ ಇಂಗ್ಲಿಷ್ ಪಾದ್ರಿಯಾದ ಥಾಮಸ್ ಸ್ಟೀಫನ್ಸರು ಈ ದೇಶದ ಮಾತಿನಲ್ಲಿ, ಈ ದೇಶದ ಓವಿಯ ಛಂದಸ್ಸಿನಲ್ಲಿ ರಚಿಸಿ 1616ರಲ್ಲಿ ಅಚ್ಚಾದ ಕ್ರಿಸ್ತಪುರಾಣವನ್ನು ಸೆರೆಯಲ್ಲಿ ಹಾಡಿಕೊಂಡು ಅವರು ಸಮಾಧಾನ ಹೊಂದುತ್ತಿದ್ದರೆಂಬ ಪ್ರತೀತಿಯು ಮಂಗಳೂರಿನವರಲ್ಲಿದೆ. ಬಾಯಿಪಾಠವಾದದ್ದನ್ನು ಯಾವ ಕಾವಲುಗಾರನೂ ಕಸಿದುಕೊಳ್ಳಲಾರನು. ಚಿಕ್ಕ ಮಕ್ಕಳಿಗೆ ವಚನಗಳನ್ನು ಬಾಯಿಪಾಠ ಮಾಡಿಸುವುದು ಹಳೆಯ ಪದ್ಧತಿಯೆಂದು ನಗುವ ತಾಯ್ತಂದೆಗಳು ಇದನ್ನು ಆಲೋಚಿಸಬೇಕು. ದೀಪವಿಲ್ಲದ ರಾತ್ರಿಯಲ್ಲಿ ಪುಸ್ತಕವನ್ನು ಓದಲಾಗದು. ಬಾಯಿಗೆ ಬಂದದ್ದೇ ಆಗ ನಮ್ಮ ಸೊತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದಿತು. ಸೆರೆಯವರಿಗೆ ಅದು ಬಿಡುಗಡೆಯ ದಿನ. ಆದರೆ ಅದೇ ದಿನ ಊರಿನಲ್ಲಿ ಸಾವಿರಾರು ಮಂದಿ ಸತ್ತರು, ಮನೆಗಳು ಸುಲಿಗೆಯಾದವು, ಟಿಪ್ಪುವು ಹೆಣಗಳ ರಾಶಿಯ ನಡುವೆ ಬಿದ್ದಿದ್ದನು. ನಮಗೆ ಬಿಡುಗಡೆಯಾದ ದಿನವೇ ಮತ್ತೊಬ್ಬರ ಮನೆಗೆ ಮರಣದ ದಿನವಾಗಿರಬಹುದು. ಆದುದರಿಂದ ಕ್ರೈಸ್ತರ ನಿರೀಕ್ಷೆಯು ಇನ್ನೊಬ್ಬರ ನಾಶದ ಮೇಲೆ ಕಣ್ಣಿಟ್ಟಿರತಕ್ಕದ್ದಲ್ಲ. ಅದು ಹಗೆಯ ಸೋಲನ್ನಲ್ಲ, ದೇವರ ರಾಜ್ಯವನ್ನು ಎದುರುನೋಡುತ್ತದೆ; ಆ ರಾಜ್ಯದಲ್ಲಿ ಯಾರ ಕಣ್ಣಿನಲ್ಲಿಯೂ ನೀರಿರಬಾರದು.

ಬಿಡುಗಡೆಯಾದವರು ಊರಿಗೆ ಹೋಗಿ ಸುಖವಾಗಿದ್ದರೆಂದು ಕಥೆಯನ್ನು ಮುಗಿಸಲಾಗದು. ಬದುಕಿ ಉಳಿದವರು ಹೋದವರಿಗಿಂತ ಬಹಳ ಕಡಿಮೆ. 15,000ದಿಂದ 20,000 ಎಂದು ಎಣಿಸುತ್ತಾರೆ. ಹಿಂದಿರುಗಿದಾಗ ಹೊಲಮನೆಗಳಲ್ಲಿ ಬೇರೆಯವರಿದ್ದರು. ದೇವಾಲಯಗಳ ಜಾಗದಲ್ಲಿ ಕಲ್ಲುಗಳಿದ್ದವು. ಅವರು ಮತ್ತೆ ಮೊದಲಿನಿಂದ ಕಟ್ಟಿದರು. ಮಿಲಾಗ್ರಿಸ್ ದೇವಾಲಯವು 1811ರಲ್ಲಿ ಪುನಃ ಎದ್ದಿತು. ಮೈಸೂರು ಸೀಮೆಯಲ್ಲಿಯೇ ನಿಂತವರ ಬಳಿಗೆ ಫ್ರಾನ್ಸ್ ದೇಶದ ಪಾದ್ರಿಯಾದ ಅಬ್ಬೆ ದುಬಾಯ್ ಬಂದರು. ಅವರು ನಮ್ಮವರ ಹಾಗೆ ಉಡುಪನ್ನು ಧರಿಸಿ, ನಮ್ಮವರ ಊಟವನ್ನು ಉಂಡು, ಚದರಿಹೋದವರನ್ನು ಸಭೆಗೆ ಕೂಡಿಸಿದರು. ಹಾಸನದ ಕಡೆಯ ಸಾತಳ್ಳಿಯಲ್ಲಿ ಬೇಸಾಯದ ಊರನ್ನು ನೆಲೆಗೊಳಿಸಿದರು. ಸಿಡುಬು ತಡೆಯುವ ಲಸಿಕೆಯನ್ನು ಜನರಲ್ಲಿ ಹರಡಲು ದುಡಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನ ದೇವಾಲಯವು ಇಂದಿಗೂ ಇದೆ.

ಈ ದುಬಾಯ್ ಅವರ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅವರು 1823ರಲ್ಲಿ ಈ ದೇಶವನ್ನು ಬಿಟ್ಟುಹೋದಾಗ ಮನಸ್ಸಿನಲ್ಲಿ ನಿರಾಶರಾಗಿದ್ದರು. ಇಲ್ಲಿ ಕ್ರೈಸ್ತಧರ್ಮವು ಬೇರೂರುವುದೆಂಬ ಭರವಸೆಯು ತಮಗಿಲ್ಲವೆಂದು ಅಚ್ಚು ಹಾಕಿಸಿಯೇ ಪ್ರಕಟಿಸಿದರು. ಆದರೂ ಅವರು ಕೂಡಿಸಿದ ಸಭೆಗಳು ಅಳಿಯಲಿಲ್ಲ. ಇದರಿಂದ ನಾವು ಕಲಿಯುವುದೇನೆಂದರೆ, ನಿರೀಕ್ಷೆಯು ಮನಸ್ಸಿನ ಉಲ್ಲಾಸವಲ್ಲ. ಮನಸ್ಸು ಸೋತ ದಿನಗಳಲ್ಲಿಯೂ ಕೈಯು ತನ್ನ ಕೆಲಸವನ್ನು ಮಾಡುತ್ತಿದ್ದರೆ ದೇವರು ಆ ಕೆಲಸವನ್ನು ಕಾಯುತ್ತಾನೆ. ಕಾಗದಗಳಲ್ಲಿ ನಮ್ಮ ಹುಡುಗಿಯರು, ತಮಗೆ ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದಿಲ್ಲವೆಂದು ಬರೆಯುತ್ತಾರೆ. ಅನ್ನಿಸದಿದ್ದರೂ ಮೊಳಕಾಲೂರಿದ್ದೇ ಪ್ರಾರ್ಥನೆ; ಅದಕ್ಕಿಂತ ಹೆಚ್ಚನ್ನು ಆ ದಿನಗಳಲ್ಲಿ ದೇವರು ಕೇಳುವುದಿಲ್ಲ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ದಾರಿಯಲ್ಲಿ ಸತ್ತವರ, ಸೆರೆಯಲ್ಲಿ ಸತ್ತವರ, ಮೇ 4ನ್ನು ಕಾಣದವರ ನಿರೀಕ್ಷೆಯು ಸುಳ್ಳಾಯಿತೇ? ಬಿಡುಗಡೆಯೇ ನಿರೀಕ್ಷೆಯ ಪೂರ್ತಿ ಅರ್ಥವಾಗಿದ್ದರೆ ಹೌದು, ಸುಳ್ಳಾಯಿತು. ಆಗ ನಿರೀಕ್ಷೆಯು ಬದುಕುಳಿದವರ ಅದೃಷ್ಟಕ್ಕೆ ಇಟ್ಟ ಮತ್ತೊಂದು ಹೆಸರಾಗುವುದೇ ಹೊರತು ಬೇರಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯು ಹಿಂದಿನ ಕಾಲದ ಭಕ್ತರನ್ನು ಹೆಸರಿಸುತ್ತಾ, ಅವರು ವಾಗ್ದಾನವನ್ನು ದೂರದಿಂದಲೇ ಕಂಡು ಸತ್ತರೆಂದು ಹೇಳುತ್ತದೆ. ಅವರು ಮೋಸಹೋದರೆಂದು ಹೇಳುವುದಿಲ್ಲ. ಏಕೆಂದರೆ ಕ್ರೈಸ್ತರ ನಿರೀಕ್ಷೆಯ ಆಧಾರವು ಈ ಅಥವಾ ಆ ವರ್ಷದ ಬಿಡುಗಡೆಯಲ್ಲ. ಮರಣವನ್ನು ಜಯಿಸಿ ಎದ್ದ ಕರ್ತನೇ ಅದರ ಆಧಾರ. ಆತನು ಸಮಾಧಿಯ ಆಚೆಗೂ ಮಾತಿಗೆ ತಪ್ಪದವನಾದರೆ ದಾರಿಯಲ್ಲಿ ಬಿದ್ದ ಮಗುವೂ ಆತನ ಕಾವಲಿನಲ್ಲಿಯೇ ಇದೆ.

ಇಷ್ಟು ಹೇಳಿದ ಮೇಲೆ, ಆದುದರಿಂದ ಅಳಬಾರದೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಬೇಥಾನ್ಯದಲ್ಲಿ ಲಾಜರನು ಸತ್ತು ನಾಲ್ಕು ದಿನಗಳಾದ ಮೇಲೆ ಯೇಸು ಬಂದನು. ಮಾರ್ಥಳೂ ಮರಿಯಳೂ ತಡವಾಯಿತೆಂದು ಆತನ ಮುಖದೆದುರಿಗೇ ಹೇಳಿದರು. ಆತನು ಅವರನ್ನು ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದ ಆತನೇ ಅಲ್ಲಿ ಅತ್ತನು. ಪೌಲನೂ ಥೆಸಲೋನಿಕದವರಿಗೆ ದುಃಖಪಡಬೇಡಿರೆಂದು ಬರೆಯಲಿಲ್ಲ. ನಿರೀಕ್ಷೆಯಿಲ್ಲದ ದುಃಖವು ಬೇಡವೆಂದು ಮಾತ್ರ ತಿಳಿಸಿದನು. ಕಣ್ಣೀರು ನಿರೀಕ್ಷೆಯ ಶತ್ರುವಲ್ಲ. ಬಹುಶಃ ನಿರೀಕ್ಷೆಯುಳ್ಳವರೇ ಧಾರಾಳವಾಗಿ ಅಳಬಲ್ಲರು. ಅವರಿಗೆ ಅಳುವಿನ ಆಚೆಗೆ ಒಂದು ದಿನವಿದೆ.

ನಮ್ಮ ಜಿಲ್ಲೆಯ ಈಚಿನ ದುಃಖಗಳನ್ನು ನೆನೆದಾಗ ಈ ಮಾತಿನ ಅವಶ್ಯಕತೆಯು ತಿಳಿಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. 2021ರಲ್ಲಿ ಕೊರೋನಾ ಎರಡನೆಯ ಸಲ ಹರಡಿದಾಗ ಎಷ್ಟೋ ಮನೆಯವರು ಸತ್ತವರ ಮುಖವನ್ನು ಸಹ ನೋಡಲಾಗಲಿಲ್ಲ. ಇಂಥ ಮನೆಗಳಿಗೆ ಹೋಗಿ, ಹೋದ ಕ್ಷಣವೇ ಎಲ್ಲವೂ ದೇವರ ಚಿತ್ತವೆಂದು ಹೇಳಿ ಎದ್ದುಬರುವುದು ನಿರೀಕ್ಷೆಯ ಸೇವೆಯಲ್ಲ. ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ಮುದ್ದೆ ಸಾರನ್ನು ಹೊತ್ತು ತರುವ ನಮ್ಮ ಹಳ್ಳಿಗಳ ಪದ್ಧತಿಯಲ್ಲಿ ದೊಡ್ಡ ಉಪದೇಶವಿದೆ. ಅದನ್ನು ನಮ್ಮ ಹುಡುಗಿಯರು ಎಲ್ಲಿದ್ದರೂ ಬಿಡಬಾರದು. ಮೊದಲ ವಾರದಲ್ಲಿ ಎಲ್ಲರೂ ಬರುತ್ತಾರೆ. ಮೂರನೆಯ ತಿಂಗಳಿನಲ್ಲಿ ಬಾಗಿಲು ತಟ್ಟುವವರು ಬೇಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. 2015ರಲ್ಲಿ ಸಾಲಕ್ಕೂ ಬೆಳೆನಷ್ಟಕ್ಕೂ ಸಿಕ್ಕಿದ ಅನೇಕ ರೈತರು ಈ ಮಂಡ್ಯ ಜಿಲ್ಲೆಯಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ದುಃಖವು ಹೊರಲಾರದಷ್ಟು ಭಾರವಾದಾಗ ಅದನ್ನು ಒಬ್ಬರೇ ಹೊರುವುದು ಭಕ್ತಿಯಲ್ಲ. ಊಟನಿದ್ರೆಗಳು ಬಿಟ್ಟುಹೋಗಿ ಬದುಕೇ ಬೇಡವೆಂದು ತೋರತೊಡಗಿದರೆ, ಜ್ವರ ಬಂದಾಗ ವೈದ್ಯರ ಬಳಿಗೆ ಹೋಗುವ ಹಾಗೆಯೇ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆಯಿದೆ. 2022ರಿಂದ ಸರಕಾರವು ನಡೆಸುತ್ತಿರುವ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರ ಕೈಯೂ ದೇವರ ಕೈಯೇ ಎಂದು ಮಿಷನ್ ಆಸ್ಪತ್ರೆಗಳನ್ನು ಕಟ್ಟಿದ ಹಿರಿಯರು ನಂಬಿದ್ದರು; ನಾವೂ ಹಾಗೆಯೇ ನಂಬಿದ್ದೇವೆ.

ಕಡೆಯದಾಗಿ, ಕಾಯುವವರಿಗಾಗಿ ಸುವಾರ್ತೆಯಲ್ಲಿ ಒಂದು ಪೂರ್ತಿ ದಿನವೇ ಇದೆಯೆಂಬುದನ್ನು ನೆನಪಿಗೆ ತರುವೆವು. ಶುಭ ಶುಕ್ರವಾರವನ್ನು ಎಲ್ಲರೂ ಬಲ್ಲರು; ಪುನರುತ್ಥಾನದ ಭಾನುವಾರವನ್ನೂ ಬಲ್ಲರು. ನಡುವಿನ ಶನಿವಾರದಲ್ಲಿ ಏನು ನಡೆಯಿತು? ಹೇಳತಕ್ಕಂಥದ್ದು ಏನೂ ನಡೆಯಲಿಲ್ಲ. ಸಮಾಧಿಯು ಮುಚ್ಚಿತ್ತು. ಗಲಿಲಾಯದಿಂದ ಬಂದಿದ್ದ ಹೆಂಗಸರು ಸುಗಂಧದ್ರವ್ಯಗಳನ್ನು ಸಿದ್ಧಪಡಿಸಿ, ಕಟ್ಟಳೆಯಂತೆ ಆ ದಿನ ಸುಮ್ಮನಿದ್ದರೆಂದು ಲೂಕನು ತಿಳಿಸುತ್ತಾನೆ. ಭಾನುವಾರದಲ್ಲಿ ಏನು ಆಗುವುದೆಂದು ಅವರು ಅರಿಯರು. ಸತ್ತವನಿಗೆ ಸಲ್ಲಬೇಕಾದ ಕೊನೆಯ ಸೇವೆಯೊಂದು ತಮ್ಮ ಕೈಯಲ್ಲಿ ಉಳಿದಿದೆ ಎಂಬಷ್ಟೇ ಅವರಿಗೆ ಗೊತ್ತಿತ್ತು, ಅದನ್ನು ಕಾಪಾಡಿಕೊಂಡರು. ಹಾಗೆ ಕಾಪಾಡಿಕೊಂಡು ಬೆಳಗಿನ ಜಾವದಲ್ಲಿ ಹೊರಟದ್ದರಿಂದಲೇ, ಆತನು ಎದ್ದಿದ್ದಾನೆಂಬ ಮಾತನ್ನು ಲೋಕದಲ್ಲಿ ಮೊದಲು ಕೇಳಿದವರು ಅವರಾದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಆ ಶನಿವಾರದಲ್ಲಿದ್ದೀರಿ. ಇನ್ನೆಷ್ಟು ದಿನವೆಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ, ಇದೆಯೆನ್ನುವವರನ್ನು ನಂಬಬೇಡಿರಿ. ಆದರೆ ನಿಮ್ಮ ಕೈಯಲ್ಲಿ ಒಪ್ಪಿಸಲ್ಪಟ್ಟದ್ದು ಏನಾದರೂ ಇದ್ದೇ ಇದೆ: ಹಾಸಿಗೆ ಹಿಡಿದವನಿಗೆ ಕುಡಿಸಬೇಕಾದ ಗಂಜಿ, ಉಳಿದಿರುವ ಮಗುವಿನ ಪಾಠ, ಮನೆಬಿಟ್ಟು ಹೋದವನ ಹೆಸರಿನಲ್ಲಿ ದಿನವೂ ಹೇಳುವ ಒಂದು ಪ್ರಾರ್ಥನೆ, ನಿಮ್ಮಂತೆಯೇ ಅಳುತ್ತಿರುವ ನೆರೆಯವಳ ಬಾಗಿಲು. ಅದನ್ನು ಕಾಯಿರಿ. ನಿಮ್ಮನ್ನು ಕಾಯುವಾತನು ತೂಕಡಿಸುವವನಲ್ಲ. ತಾಯ್ತಂದೆಗಳಿಗೂ ನಮ್ಮ ವಿಜ್ಞಾಪನೆಯು ಇದೇ: ಮನೆಯಲ್ಲಿ ದುಃಖ ಬಂದಾಗ ಹೆಣ್ಣುಮಕ್ಕಳಿಂದ ಅದನ್ನು ಮರೆಮಾಡಬೇಡಿರಿ, ನೀವು ಅಳುತ್ತಲೂ ನಿಮ್ಮ ಕೆಲಸವನ್ನು ಬಿಡದೆ ಇರುವುದನ್ನು ಅವರು ಕಾಣಲಿ. ನಾವು ಶಾಲೆಯಲ್ಲಿ ಹೇಳಿಕೊಡುವ ಯಾವ ಪಾಠಕ್ಕಿಂತಲೂ ಅವರು ಅದನ್ನು ಹೆಚ್ಚು ಕಾಲ ನೆನಪಿನಲ್ಲಿಡುವರು.